ಸುತ್ತು ಪೂರ್ತಿಯಾಗಲೇಬೇಕೆ?

ಐಸ್‌ಲ್ಯಾಂಡ್‌ಗೆ ಹೋಗಿ ಬಂದವರನ್ನು ಈಗ ಜನ ಮೊದಲು ಕೇಳುವ ಪ್ರಶ್ನೆ: ‘ರಿಂಗ್ ರೋಡ್ ಪೂರ್ತಿ ಮಾಡಿದಿರಾ?’ ಏನು ನೋಡಿದಿರಿ ಎನ್ನುವುದು ಆಮೇಲಿನ ಮಾತು. ಬೆಂಗಳೂರಿನ ಸಾಫ್ಟ್‌ವೇರ್ ಕುಟುಂಬಗಳಲ್ಲಿ, ಲಂಡನ್ನಿನಲ್ಲೋ ಮ್ಯೂನಿಕ್ಕಿನಲ್ಲೋ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಇದು ಮಾಡಿ ಮುಗಿಸಬೇಕಾದ ಸಾಧನೆಗಳ ಸಾಲಿಗೆ ಸೇರಿಹೋಗಿದೆ. ಬಾಡಿಗೆ ಕಾರು, ಏಳೆಂಟು ದಿನ, ದ್ವೀಪದ ಸುತ್ತ 1,300 ಚಿಲ್ಲರೆ ಕಿಲೋಮೀಟರ್. ಬಾವುಟ ಹಿಡಿದ ಗೈಡ್‌ನ ಹಿಂದೆ ಓಡಬೇಕಾಗಿಲ್ಲ. ಇಷ್ಟ ಬಂದಲ್ಲಿ ನಿಲ್ಲಬಹುದು, ಬೇಡವೆನಿಸಿದರೆ ಮುಂದಕ್ಕೆ ಹೋಗಬಹುದು. ಪ್ರವಾಸಿಯ ಸ್ವಾತಂತ್ರ್ಯ ಇದಕ್ಕಿಂತ ಹೆಚ್ಚು ಇನ್ನೇನಿದ್ದೀತು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಕಾರಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ ಸುತ್ತಿನ ಬಗ್ಗೆ. ಒಂದೇ ವಾರದಲ್ಲಿ ದ್ವೀಪವನ್ನು ಸುತ್ತಿ ಬರುವ ಪ್ರವಾಸ ಬಹಳ ವಿಧೇಯವಾದ ಪ್ರವಾಸ. ಅದರಲ್ಲಿ ಹೊರಡುವವರು ತಮಗೇ ಗೊತ್ತಿಲ್ಲದಂತೆ ಅತ್ಯಂತ ಕಟ್ಟುನಿಟ್ಟಿನ ಟೂರ್ ಪ್ಯಾಕೇಜೊಂದನ್ನು ತಾವೇ ಹೆಣೆದುಕೊಂಡು, ತಾವೇ ಅದರ ಡ್ರೈವರ್ ಆಗಿರುತ್ತಾರೆ.

ಲೆಕ್ಕ ಹಾಕಿ ನೋಡೋಣ. ಐಸ್‌ಲ್ಯಾಂಡ್‌ನ ವಿಸ್ತೀರ್ಣ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ, ಅಂದರೆ ಮೈಸೂರು ನಗರದ ಅರ್ಧಕ್ಕೂ ಕಡಿಮೆ. ಅವರಲ್ಲಿಯೂ ಹೆಚ್ಚಿನವರು ರಾಜಧಾನಿ ರೇಕ್ಯಾವಿಕ್‌ನ ಆಸುಪಾಸಿನಲ್ಲಿದ್ದಾರೆ. ರೈಲು ಇಲ್ಲವೇ ಇಲ್ಲ. ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 90 ಕಿಲೋಮೀಟರ್, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ ಸಾಮಾನ್ಯವಾಗಿ 50. ದಿನಕ್ಕೆ ಇನ್ನೂರು ಕಿಲೋಮೀಟರ್ ಎಂದರೆ ಕಾಗದದ ಮೇಲೆ ಸಲೀಸು. ತೊಡಕಿರುವುದು ಹಾಸಿಗೆಯ ವಿಚಾರದಲ್ಲಿ. ಆಗ್ನೇಯ ಮತ್ತು ಪೂರ್ವ ಭಾಗಗಳಲ್ಲಿ ಊರುಗಳೇ ವಿರಳ, ಹೋಟೆಲ್ ಕೋಣೆಗಳು ಇನ್ನೂ ವಿರಳ. ಬೇಸಿಗೆಯಲ್ಲಿ ತಿಂಗಳುಗಳ ಮೊದಲೇ ಬುಕ್ ಆಗಿರುತ್ತವೆ. ಮಲಗುವ ವ್ಯಾನ್ ತೆಗೆದುಕೊಂಡರೂ ಕಂಡಲ್ಲಿ ನಿಲ್ಲಿಸಿ ಮಲಗುವಂತಿಲ್ಲ, ಕ್ಯಾಂಪಿಂಗ್ ಜಾಗಕ್ಕೇ ಹೋಗಬೇಕು. ಭಾರತದಿಂದ ಹೋಗುವವರಿಗೆ ಮೇಲೊಂದು ಗಂಟು: ಷೆಂಗೆನ್ ವೀಸಾ ಅರ್ಜಿಯ ಜೊತೆ ಯಾವ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ದಾಖಲೆ ಲಗತ್ತಿಸಬೇಕು. ಹೀಗಾಗಿ ಮನೆ ಬಿಡುವ ಎಷ್ಟೋ ವಾರಗಳ ಮೊದಲೇ ನಿಮ್ಮ ಪ್ರತಿ ರಾತ್ರಿಯ ದಿಂಬೂ ನಿಗದಿಯಾಗಿರುತ್ತದೆ.

ಆ ದೇಶದ ಹವೆ ಮಾತ್ರ ನಿಮ್ಮ ಬುಕಿಂಗ್ ನೋಡಿಕೊಂಡು ಬೀಸುವುದಿಲ್ಲ. ಅಲ್ಲಿನ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ. ಗಾಳಿ ಜೋರಾದರೆ ರಸ್ತೆಯನ್ನೇ ಮುಚ್ಚುತ್ತಾರೆ. ಒಂದೇ ಊರಿನಲ್ಲಿ ನಾಲ್ಕು ರಾತ್ರಿ ಇರುವವನು ಅಂಥ ದಿನ ಕಾಫಿ ಕುಡಿಯುತ್ತ ಕಿಟಕಿಯಲ್ಲಿ ಕೂರುತ್ತಾನೆ. ಸುತ್ತು ಹೊರಟವನು, ಇವತ್ತಿನ ಹಾಸಿಗೆ 250 ಕಿಲೋಮೀಟರ್ ಆಚೆಗಿದೆಯಲ್ಲ ಎಂದು ಫೋನಿನಲ್ಲಿ ರಸ್ತೆಯ ನಕ್ಷೆ ತೆರೆದು ತೆರೆದು ನೋಡುತ್ತಾನೆ. ಎಷ್ಟೋ ಸಲ ಹೊರಟೇಬಿಡುತ್ತಾನೆ. ಬೇಕೆಂದಾಗ ನಿಲ್ಲಲು ಕಾರು ತೆಗೆದುಕೊಂಡವನಿಗೆ ನಿಲ್ಲಲೇಬೇಕಾದ ದಿನ ನಿಲ್ಲಲು ಆಗುವುದಿಲ್ಲ.

ಅಷ್ಟಕ್ಕೂ ಈ ಸುತ್ತು 1974ರವರೆಗೆ ಐಸ್‌ಲ್ಯಾಂಡಿನವರಿಗೇ ಇರಲಿಲ್ಲ. ದಕ್ಷಿಣದಲ್ಲಿ ವಾಟ್ನಾಯೋಕುಲ್ ಎಂಬ ಮಹಾ ಹಿಮರಾಶಿಯ ಬುಡಕ್ಕೆ ಸ್ಕೇದರಾರ್ಸಾಂದುರ್ ಎಂಬ ಕಪ್ಪು ಮರಳಿನ ಬಯಲಿದೆ. ಹಿಮದಡಿಯ ಜ್ವಾಲಾಮುಖಿ ಕೆರಳಿದಾಗಲೆಲ್ಲ ಕರಗಿದ ನೀರು ಒಮ್ಮೆಗೇ ನುಗ್ಗಿ ಬರುವ ದಾರಿ ಅದು. ನದಿಗಳು ಪಾತ್ರ ಬದಲಿಸುತ್ತಲೇ ಇರುವ ಆ ಬಯಲಿನಲ್ಲಿ ಸೇತುವೆ ಕಟ್ಟುವುದು ಹುಚ್ಚು ಸಾಹಸವೆಂದೇ ಬಹಳ ಕಾಲ ಅನಿಸಿತ್ತು. ಆಗ್ನೇಯದ ಹೊಫ್ನ್ ಊರಿನವರು ರಸ್ತೆಯಲ್ಲಿ ರಾಜಧಾನಿಗೆ ಹೋಗಬೇಕೆಂದರೆ ಉತ್ತರದಿಂದ ಇಡೀ ದ್ವೀಪ ಬಳಸಬೇಕಿತ್ತು. ದಕ್ಷಿಣದ ನೇರ ದಾರಿ ಸುಮಾರು 450 ಕಿಲೋಮೀಟರ್. ಬಳಸುದಾರಿ ಅದರ ಎರಡರಷ್ಟು. ಆ ಕೊನೆಯ ತುಂಡನ್ನು ಕೂಡಿಸಲು ಸರ್ಕಾರ ಲಾಟರಿ ಬಾಂಡ್‌ಗಳನ್ನು ಮಾರಿ ಜನರಿಂದಲೇ ಹಣ ಎತ್ತಿತು. ದ್ವೀಪದಲ್ಲಿ ಮನುಷ್ಯರು ನೆಲೆಸಿ 1,100 ವರ್ಷ ತುಂಬಿದ ಸಂಭ್ರಮದ ಬೇಸಿಗೆಯಲ್ಲೇ, 1974ರ ಜುಲೈಯಲ್ಲಿ, ಸುಮಾರು 900 ಮೀಟರ್ ಉದ್ದದ ಸ್ಕೇದರಾ ಸೇತುವೆ ತೆರೆಯಿತು. ವರ್ತುಲ ಕೂಡಿತು.

ಕೂಡಿದ್ದು ಕೂಡಿದ ಹಾಗೆ ಉಳಿಯಲಿಲ್ಲ. 1996ರ ಸೆಪ್ಟೆಂಬರ್ ಕೊನೆಯಲ್ಲಿ ವಾಟ್ನಾಯೋಕುಲ್‌ನ ಕೆಳಗೆ ಜ್ವಾಲಾಮುಖಿ ಸ್ಫೋಟಿಸಿತು. ನವೆಂಬರ್ 5ರಂದು ನೀರು ಹೊರನುಗ್ಗಿತು. ಮನೆಗಳಷ್ಟು ದೊಡ್ಡ ಹಿಮಬಂಡೆಗಳನ್ನು ಹೊತ್ತು ತಂದ ಆ ಪ್ರವಾಹ ಒಂದು ಸೇತುವೆಯನ್ನು ಪೂರ್ತಿ ಒಯ್ದಿತು, ಸ್ಕೇದರಾ ಸೇತುವೆಯ ಒಂದು ಭಾಗವನ್ನು ಮುರಿಯಿತು, ಕಿಲೋಮೀಟರ್‌ಗಟ್ಟಲೆ ರಸ್ತೆಯನ್ನು ಅಳಿಸಿತು. ಕೆಲವೇ ವಾರಗಳಲ್ಲಿ ತಾತ್ಕಾಲಿಕ ದಾರಿ ಸಿದ್ಧವಾಯಿತೆಂಬುದು ಆ ರಸ್ತೆ ಇಲಾಖೆಯ ಹೆಚ್ಚುಗಾರಿಕೆ. 2011ರ ಜುಲೈಯಲ್ಲಿ ಇನ್ನೊಂದು ಹಿಮಪ್ರವಾಹ ಮುಲಾಕ್ವಿಸ್ಲ್ ನದಿಯ ಸೇತುವೆಯನ್ನು ಕೊಚ್ಚಿತು. ಪ್ರವಾಸಿ ಕಾಲ ಬೇರೆ. ಕಾರುಗಳನ್ನು ಲಾರಿಗಳ ಮೇಲೆ ಹೇರಿ ನದಿ ದಾಟಿಸಿದರು, ವಾರದೊಳಗೆ ಹಂಗಾಮಿ ಸೇತುವೆ ಕಟ್ಟಿದರು. ಇವೆಲ್ಲಕ್ಕಿಂತ ನನಗೆ ವಿಚಿತ್ರವೆನಿಸುವುದು ಸ್ಕೇದರಾದ ಕಥೆ. ಹಿಮನದಿ ಹಿಂದೆ ಸರಿಯುತ್ತ ಹೋಗಿ, 2009ರ ಸುಮಾರಿಗೆ ಅದರ ನೀರು ಪಕ್ಕದ ನದಿಗೆ ತಿರುಗಿತು. ದೇಶದಲ್ಲೇ ಉದ್ದವಾದ ಸೇತುವೆಯ ಕೆಳಗೆ ಹೆಚ್ಚುಕಡಿಮೆ ನೀರೇ ಇಲ್ಲದಂತಾಯಿತು. 2017ರಲ್ಲಿ ಅದರ ಪಕ್ಕ ಚಿಕ್ಕದೊಂದು ಸೇತುವೆ ಕಟ್ಟಿ ಹಳೆಯದನ್ನು ಕೈಬಿಟ್ಟರು. 1996ರ ನೆರೆ ತಿರುಚಿದ ಉಕ್ಕಿನ ತೊಲೆಗಳು ಈಗ ರಸ್ತೆ ಬದಿಯ ಸ್ಮಾರಕ. ಪ್ರವಾಸಿಗರು ಮೂರು ನಿಮಿಷ ನಿಲ್ಲುತ್ತಾರೆ.

ಸುತ್ತು ಎಂಬುದು ಅಲ್ಲಿನವರಿಗೆ ಒಂದು ಅನಿವಾರ್ಯ ಸೌಕರ್ಯ. ಹೊಫ್ನ್‌ನಿಂದ ಆಸ್ಪತ್ರೆಗೆ, ಬಂದರಿನಿಂದ ಮಾರುಕಟ್ಟೆಗೆ ಹೋಗುವ ದಾರಿ. ಅದನ್ನು ತೀರ್ಥಯಾತ್ರೆಯಂತೆ ಪೂರೈಸಬೇಕಾದ ಒಂದೇ ಘಟಕವಾಗಿ ಕಂಡವರು ನಾವು, ಪ್ರವಾಸಿಗಳು. ಆ ಘಟಕವಾದರೂ ಸ್ಥಿರವೇ? 2017ರಲ್ಲಿ ಪೂರ್ವ ಭಾಗದಲ್ಲಿ ರಿಂಗ್ ರೋಡಿಗಿರುವ ‘ಒಂದನೇ ನಂಬರ್ ರಸ್ತೆ’ ಎಂಬ ಪಟ್ಟವನ್ನು ಬೆಟ್ಟದ ದಾರಿಯಿಂದ ಕಿತ್ತು ಕಡಲ ಕೊಲ್ಲಿಗಳ ಅಂಚಿನ ದಾರಿಗೆ ಕೊಟ್ಟರು. ಅದಕ್ಕೂ ಮೊದಲು ಸುತ್ತು ಮುಗಿಸಿದವರು ಈಗ ಮುಗಿಸಿದಂತೆಯೋ ಇಲ್ಲವೋ ಎಂದು ಅವರೇ ತೀರ್ಮಾನಿಸಿಕೊಳ್ಳಲಿ.

ನಮ್ಮವರಿಗೆ ಸುತ್ತು ಹಾಕುವುದು ರಕ್ತದಲ್ಲೇ ಇದೆ ಎನ್ನಬಹುದು. ದೇವಸ್ಥಾನಕ್ಕೆ ಹೋದರೆ ಪ್ರದಕ್ಷಿಣೆ ತಪ್ಪಿಸುವುದಿಲ್ಲ. ಆದರೆ ಅಲ್ಲಿ ಸುತ್ತು ಮುಗಿದ ಮೇಲೆ ಗರ್ಭಗುಡಿಯ ಮುಂದೆ ನಿಲ್ಲುತ್ತೇವೆ. ಐಸ್‌ಲ್ಯಾಂಡ್‌ನ ಸುತ್ತಿನಲ್ಲಿ ಆ ಭಾಗ ಬಿಟ್ಟುಹೋಗುತ್ತದೆ. ದ್ವೀಪದ ನಡುನಾಡು ಜನವಸತಿಯಿಲ್ಲದ ಎತ್ತರದ ಮರುಭೂಮಿ. ಅಸ್ಕ್ಯಾ ಜ್ವಾಲಾಮುಖಿಯ ಸುತ್ತಿನ ಆ ನೆಲ ಎಷ್ಟು ಬೋಳೆಂದರೆ 1965 ಮತ್ತು 1967ರಲ್ಲಿ ಅಪೊಲೋ ಗಗನಯಾತ್ರಿಗಳನ್ನು ಭೂವಿಜ್ಞಾನದ ತರಬೇತಿಗೆ ಅಲ್ಲಿಗೆ ಕರೆತಂದಿದ್ದರು. ‘ಎಫ್’ ಎಂದು ಗುರುತಿಸಿದ ಅಲ್ಲಿನ ಬೆಟ್ಟದ ರಸ್ತೆಗಳು ತೆರೆದಿರುವುದು ಬೇಸಿಗೆಯ ಕೆಲವು ತಿಂಗಳು ಮಾತ್ರ. ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಗೆ ಪ್ರವೇಶವಿಲ್ಲ. ಸಾಮಾನ್ಯ ಬಾಡಿಗೆ ಕಾರಿನವರು ಅಂಚನ್ನೇ ಸವರಿಕೊಂಡು ಹೋಗುತ್ತಾರೆ. ತಮಾಷೆಯೆಂದರೆ, ಆ ಒಳನಾಡಿನ ಕೆಲವು ಚಂದದ ಜಾಗಗಳಿಗೆ, ಥೋರ್ಸ್‌ಮೋರ್ಕ್ ಕಣಿವೆಗೆ, ಲಾಂಡ್‌ಮನ್ನಲೋಯ್ಗರ್‌ನ ಬಣ್ಣದ ಬೆಟ್ಟಗಳಿಗೆ, ಬೇಸಿಗೆಯಲ್ಲಿ ರೇಕ್ಯಾವಿಕ್‌ನಿಂದ ಬಸ್ಸುಗಳಿವೆ. ಎತ್ತರದ ಚಕ್ರದ ಆ ಬಸ್ಸುಗಳ ಚಾಲಕರಿಗೆ ಥೋರ್ಸ್‌ಮೋರ್ಕ್ ದಾರಿಯ ಕ್ರೋಸಾ ನದಿಯನ್ನು ಇವತ್ತು ಎಲ್ಲಿ ದಾಟಬಹುದು ಎಂಬುದು ಗೊತ್ತು. ಸಾಹಸಿಗಳೆಲ್ಲ ಡಾಂಬರಿನ ಮೇಲೆ. ಟಿಕೆಟ್ ಕೊಂಡು ಸುಮ್ಮನೆ ಕೂತವರು ನದಿಯ ನಡುವೆ.

ಸುತ್ತಿನ ಮೇಲೇ ಇರುವುದೂ ಕಾಣುವುದಿಲ್ಲ ಎಂಬುದಕ್ಕೆ ಒಂದು ಊರು ಸಾಕು. ಕಿರ್ಕ್ಯುಬಾಯರ್‌ಕ್ಲೋಯ್ಸ್ತುರ್ ಎಂಬ ಬಾಯಿ ತುಂಬುವ ಹೆಸರು. ಅಲ್ಲಿನವರೇ ಕ್ಲೋಯ್ಸ್ತುರ್ ಎಂದು ಮೊಟಕು ಮಾಡಿಕೊಂಡಿದ್ದಾರೆ. ಸುತ್ತು ಹೊರಟವರಿಗೆ ಅದು ಪೆಟ್ರೋಲ್ ಬಂಕ್ ಇರುವ ಜಾಗ. ಅದಕ್ಕೆ ಮುನ್ನ ರಸ್ತೆ ಹಾಯುವುದು ಪಾಚಿ ಮುಚ್ಚಿದ ಒಂದು ವಿಶಾಲ ಲಾವಾ ಬಯಲಿನ ಮೂಲಕ. 1783ರ ಜೂನ್ 8ರಂದು ಲಾಕಿ ಎಂಬಲ್ಲಿ ಭೂಮಿ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಬಿರಿದು, ನೂರಕ್ಕೂ ಹೆಚ್ಚು ಬಾಯಿಗಳಿಂದ ಎಂಟು ತಿಂಗಳು ಲಾವಾ ಉಗುಳಿತು. ವಿಷಗಾಳಿ ಹುಲ್ಲಿಗೆ ಇಳಿಯಿತು. ಹುಲ್ಲು ಮೇಯ್ದ ದನಗಳಲ್ಲಿ ಅರ್ಧ, ಕುರಿಗಳಲ್ಲಿ ಮುಕ್ಕಾಲಿಗೂ ಹೆಚ್ಚು ಸತ್ತವು. ಮುಂದಿನ ಬರದಲ್ಲಿ ದೇಶದ ಐವರಲ್ಲಿ ಒಬ್ಬರು ಸತ್ತರು. ಯುರೋಪಿನ ಆಕಾಶವೂ ಆ ಬೇಸಿಗೆ ಮಂಕಾಗಿತ್ತು. ಪ್ಯಾರಿಸ್ಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಇದಕ್ಕೆ ಐಸ್‌ಲ್ಯಾಂಡ್‌ನ ಜ್ವಾಲಾಮುಖಿ ಕಾರಣವಿರಬಹುದೆಂದು ಊಹಿಸಿ ಬರೆದರು. ಜುಲೈ 20ರ ಭಾನುವಾರ ಲಾವಾ ಊರಿನ ಕಡೆ ಹರಿದು ಬರುತ್ತಿದ್ದಾಗ ಪಾದ್ರಿ ಯೋನ್ ಸ್ಟೇನ್‌ಗ್ರಿಮ್ಸನ್ ಚರ್ಚಿನಲ್ಲಿ ಜನರನ್ನು ಕೂರಿಸಿಕೊಂಡು ಪ್ರವಚನ ಮಾಡಿದರು. ಹೊರಗೆ ಬಂದು ನೋಡಿದರೆ ಲಾವಾ ಚರ್ಚಿಗೆ ತಲುಪದೆ ನಿಂತಿತ್ತು. ಕಣಿವೆಯ ನದಿಗಳ ನೀರು ಅದನ್ನು ತಣಿಸಿ ಗಟ್ಟಿ ಮಾಡಿತೆಂದು ವಿವರಿಸಬಹುದು. ಅದರಿಂದ ಆ ಭಾನುವಾರದ ಕಥೆಗೇನೂ ಕುಂದಿಲ್ಲ. ಪಾದ್ರಿ ಅದನ್ನೆಲ್ಲ ಬರೆದಿಟ್ಟಿದ್ದಾರೆ. ಲಾವಾ ನಿಂತ ಅಂಚನ್ನು ಈಗಲೂ ನಡೆದು ನೋಡಬಹುದು. ಆ ಬಯಲಿನ ಪಾಚಿ ಬಿಸಿಲಿಗೆ ಬೂದು, ಮಳೆಗೆ ಹಸಿರು. ಎರಡು ದಿನ ಅಲ್ಲೇ ಇದ್ದವರಿಗೆ ಎರಡೂ ಬಣ್ಣ ಸಿಕ್ಕೀತು. ಗಂಟೆಗೆ 90ರಲ್ಲಿ ಹೋದವರಿಗೆ ಒಂದು, ಅದೂ ಪಕ್ಕದ ಸೀಟಿನವರಿಗೆ.

ಸ್ಟಿಯರಿಂಗ್ ಹಿಡಿದವರ ಪಾಡು ಇನ್ನೂ ಬೇರೆ. ಅಲ್ಲಿ ವಾಹನ ಬಲಕ್ಕೆ ಓಡುತ್ತದೆ. (ಐಸ್‌ಲ್ಯಾಂಡೂ 1968ರ ಮೇ 26ರವರೆಗೆ ನಮ್ಮಂತೆ ಎಡಪಂಥೀಯವಾಗಿಯೇ ಇತ್ತು, ರಸ್ತೆಯ ಮಟ್ಟಿಗೆ.) ಒಂದೇ ಗಾಡಿ ಹಿಡಿಸುವ ಸೇತುವೆಗಳು ಇನ್ನೂ ಇವೆ. ಆಚೆ ಏನಿದೆಯೆಂದು ಕಾಣದ ದಿಬ್ಬಗಳಿವೆ. ತಾಯಿ ಕುರಿ ರಸ್ತೆಯ ಈಚೆ, ಮರಿ ಆಚೆ. ಬಾಗಿಲು ತೆರೆದರೆ ಗಾಳಿ ಅದನ್ನು ತಿರುಚಿ ಹಾಕೀತು. ಬಾಡಿಗೆ ಕಾರಿನ ವಿಮೆ ಆ ಹಾನಿಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಬಹುತೇಕ ಕಡೆ ರಸ್ತೆಗೆ ಬದಿಯೇ ಇಲ್ಲ, ಹೀಗಾಗಿ ‘ಇಷ್ಟ ಬಂದಲ್ಲಿ ನಿಲ್ಲಬಹುದು’ ಎಂಬುದೂ ಪೂರ್ತಿ ನಿಜವಲ್ಲ. ನೋಡಲೆಂದು ಅಷ್ಟು ದೂರ ಬಂದವನು ಅತ್ತಿತ್ತ ನೋಡದಿರುವುದೇ ಎಲ್ಲರಿಗೂ ಕ್ಷೇಮ. ಸಿಕ್ಕಿಹಾಕಿಕೊಂಡರೆ ಬಂದು ಎತ್ತುವವರು ಸಂಬಳವಿಲ್ಲದ ಸ್ವಯಂಸೇವಕರು. ಆ ರಕ್ಷಣಾ ಪಡೆಗಳು ವರ್ಷದ ಖರ್ಚಿನ ದೊಡ್ಡ ಪಾಲನ್ನು ಹೊಸ ವರ್ಷದ ಹೊತ್ತಿಗೆ ಪಟಾಕಿ ಮಾರಿ ಹೊಂದಿಸಿಕೊಳ್ಳುತ್ತವೆ. ನಮ್ಮ ಸ್ವಾತಂತ್ರ್ಯಕ್ಕಾಗಿ ಯಾರೋ ಒಬ್ಬ ಬಡಗಿ ಕೆಲಸ ಬಿಟ್ಟು ಹಿಮಗಾಳಿಯಲ್ಲಿ ಹೊರಡಬೇಕು.

ನನ್ನ ಮಾತಿಗೆ ಎದುರಾಗುವ ಬಲವಾದ ವಾದ ಖರ್ಚಿನದು. ‘ಇಷ್ಟು ದುಡ್ಡು ಸುರಿದು ಹೋಗಿರುತ್ತೇವೆ, ಜೀವಮಾನದಲ್ಲಿ ಮತ್ತೆ ಬರುತ್ತೇವೋ ಇಲ್ಲವೋ, ಎಲ್ಲ ನೋಡಿಬಿಡೋಣ’ ಎನ್ನುವವರನ್ನು ಹಗುರವಾಗಿ ಕಾಣಲಾರೆ. ಸಾಲ ತೀರಿಸಿ, ರಜೆ ಕೂಡಿಸಿ ಹೋಗುವವರು ಅವರು. ಆದರೆ ಸೆಲ್ಯಾಲಾಂಡ್ಸ್‌ಫೋಸ್, ಸ್ಕೋಗಾಫೋಸ್, ಸ್ವಾರ್ತಿಫೋಸ್, ದೆತ್ತಿಫೋಸ್, ಗೋಥಾಫೋಸ್ ಎಂದು ಜಲಪಾತದ ಮೇಲೆ ಜಲಪಾತ ನೋಡುತ್ತ ಹೋದರೆ ನಾಲ್ಕನೆಯ ದಿನ ಏನಾಗುತ್ತದೆ ಎಂಬುದನ್ನು ಹೋದವರು ಒಳಗೊಳಗೇ ಬಲ್ಲರು. ಇಳಿ, ಫೋಟೊ ತೆಗಿ, ಹತ್ತು. ಜೋಗದ ಮುಂದೆ ಅರ್ಧ ದಿನ ಕೂತು ಬಂದ ಜನ ನಾವು. ಎಲ್ಲವನ್ನೂ ನೋಡುತ್ತೇವೆಂಬುದೂ ಭ್ರಮೆಯೇ: ವಾಯವ್ಯದ ಫ್ಯೋರ್ಡ್‌ಗಳ ಇಡೀ ಸೀಮೆ, ಪಶ್ಚಿಮದ ಸ್ನೈಫೆಲ್ಸ್‌ನೆಸ್ ಚಾಚು ಎರಡೂ ಸುತ್ತಿನ ಹೊರಗಿವೆ.

ಇನ್ನೊಂದು ಆಕ್ಷೇಪಣೆಯನ್ನು ಪೂರ್ತಿ ಒಪ್ಪುತ್ತೇನೆ. ರಾಜಧಾನಿ ಬಿಟ್ಟರೆ ಬಸ್ಸುಗಳು ಕಡಿಮೆ, ಪೂರ್ವದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮಂಡಿ ನೋವಿನ ಅಪ್ಪ ಅಮ್ಮ, ಎರಡು ಮಕ್ಕಳು, ಜೊತೆಗೆ ಒಂದು ಎಲೆಕ್ಟ್ರಿಕ್ ಕುಕ್ಕರ್ ಹಾಗೂ ಪುಳಿಯೋಗರೆ ಗೊಜ್ಜಿನ ಡಬ್ಬಿ ಇಟ್ಟುಕೊಂಡು ಹೊರಟ ಸಂಸಾರಕ್ಕೆ ಕಾರು ಬೇಕೇ ಬೇಕು. ತೆಗೆದುಕೊಳ್ಳಿ. ಎರಡು ಊರು ಆರಿಸಿಕೊಂಡು ಒಂದೊಂದರಲ್ಲಿ ಮೂರು ನಾಲ್ಕು ರಾತ್ರಿ ಇರಿ: ದಕ್ಷಿಣದಲ್ಲಿ ಕ್ಲೋಯ್ಸ್ತುರ್, ಪಶ್ಚಿಮದಲ್ಲಿ ಸ್ನೈಫೆಲ್ಸ್‌ನೆಸ್‌ನ ಯಾವುದಾದರೂ ಮೀನುಗಾರರ ಊರು. ಉತ್ತರವೇ ಬೇಕೆನ್ನುವವರಿಗೆ ರೇಕ್ಯಾವಿಕ್‌ನಿಂದ ಅಕುರೇರಿಗೆ ಮುಕ್ಕಾಲು ಗಂಟೆಯ ವಿಮಾನವಿದೆ.

ಹಾಗೆ ಉಳಿದವರಿಗೆ ಸಂಜೆಗಳು ಉಳಿಯುತ್ತವೆ. ಐಸ್‌ಲ್ಯಾಂಡಿನ ಚಿಕ್ಕ ಚಿಕ್ಕ ಊರುಗಳಲ್ಲೂ ಭೂಶಾಖದ ಬಿಸಿನೀರಿನ ಸಾರ್ವಜನಿಕ ಈಜುಕೊಳವಿರುವುದು ಸಾಮಾನ್ಯ. ಈಜು ಶಾಲೆಯಲ್ಲೇ ಕಡ್ಡಾಯ ಪಾಠ. ಊರಿನ ರಾಜಕೀಯ, ಮದುವೆ, ಮೀನಿನ ದರ ಎಲ್ಲವೂ ಚರ್ಚೆಯಾಗುವುದು ಅಲ್ಲಿನ ಬಿಸಿನೀರಿನ ತೊಟ್ಟಿಗಳಲ್ಲಿ. ರಾತ್ರಿ ಒಂಬತ್ತಕ್ಕೆ ಹೋಟೆಲ್ ತಲುಪಿ ಬೆಳಗ್ಗೆ ಎಂಟಕ್ಕೆ ಹೊರಡುವ ಸುತ್ತಿನವರಿಗೆ ಆ ಕೊಳದ ಬೋರ್ಡು ಕಾಣುತ್ತದೆ, ಕೊಳ ಸಿಗುವುದಿಲ್ಲ. ನೀರಿಗಿಳಿಯುವ ಮುನ್ನ ಸಾಲು ಶವರ್‌ಗಳ ಕೆಳಗೆ ಬಟ್ಟೆಯಿಲ್ಲದೆ ಸೋಪು ಹಚ್ಚಿ ಮೀಯಬೇಕೆಂಬ ಕಟ್ಟುನಿಟ್ಟಿನ ನಿಯಮವೊಂದಿದೆ, ಮೈಯ ಯಾವ ಯಾವ ಭಾಗ ತೊಳೆಯಬೇಕೆಂದು ಚಿತ್ರಸಮೇತ ಬರೆದಿರುತ್ತಾರೆ. ನಮ್ಮ ಮಧ್ಯಮವರ್ಗದ ಸಂಕೋಚಕ್ಕೆ ಅದು ಯಾವ ಒಂಟಿ ಗಾಡಿಯ ಸೇತುವೆಗಿಂತಲೂ ದೊಡ್ಡ ಸಾಹಸ.

ಇನ್ನು, ಓಡಿಸುವುದೇ ಸುಖ ಎನ್ನುವ ಮಂದಿಯೂ ಇದ್ದಾರೆ. ಅವರ ಜೊತೆ ನನ್ನ ಜಗಳವೇ ಇಲ್ಲ. ಕಪ್ಪು ಮರಳಿನ ನಡುವೆ ನೇರವಾಗಿ ಮಲಗಿರುವ ಆ ರಸ್ತೆಯ ಮೇಲೆ, ಒಂದು ಕಡೆ ಹಿಮ ಇನ್ನೊಂದು ಕಡೆ ಕಡಲು ಇಟ್ಟುಕೊಂಡು ಗಾಡಿ ಓಡಿಸುವುದು ಅವರ ಪಾಲಿನ ನಿಜವಾದ ಆನಂದ. ಜಲಪಾತ ಅವರಿಗೆ ನೆಪ. ಅಂಥವರು ಎರಡು ವಾರ ರಜೆ ತೆಗೆದುಕೊಂಡು, ಮಧ್ಯೆ ಎರಡು ಖಾಲಿ ದಿನ ಇಟ್ಟುಕೊಂಡು, ಸುತ್ತನ್ನು ಧಾರಾಳವಾಗಿ ಮಾಡಲಿ. ಹೆಂಡತಿ ಮಕ್ಕಳು ಕ್ಲೋಯ್ಸ್ತುರ್‌ನಲ್ಲೇ ಇಳಿದುಕೊಳ್ಳುತ್ತೇವೆ ಎಂದರೆ ಬೇಸರಿಸದಿದ್ದರೆ ಆಯಿತು.