ಗೋಧಿ ಒಗ್ಗದವರ ಊಟದ ತಟ್ಟೆ

ಈದ್ ದಿನ ನಿಮ್ಮ ಮನೆಗೆ ಬಂದ ನೆಂಟರಲ್ಲಿ ಒಬ್ಬಾಕೆ ಶೀರ್‌ಖುರ್ಮಾದ ಬಟ್ಟಲನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರೆ ನಿಮಗೆ ಏನನಿಸುತ್ತದೆ? ಸಮೋಸ ಬೇಡ, ಪರೋಟ ಬೇಡ, ಕೇಕಿನ ಒಂದು ಚೂರೂ ಬೇಡ. "ಇಷ್ಟು ದೂರ ಬಂದು ಏನೂ ತಿನ್ನದೆ ಹೋಗುವುದುಂಟೇ? ಒಂದು ಚಮಚ ತಿಂದರೆ ಏನೂ ಆಗುವುದಿಲ್ಲ" ಎಂದು ಒತ್ತಾಯಿಸುತ್ತೇವೆ. ಆಕೆ ಹೋದ ಮೇಲೆ ಅವಳ ಜಂಬದ ಬಗ್ಗೆ ನಾಲ್ಕು ಮಾತು ಆಡುವುದೂ ಉಂಟು. ಆ ಒಂದು ಚಮಚದಿಂದ ಆಕೆಗೆ ಏನಾಗಬಹುದು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಸೀಲಿಯಾಕ್ ಎಂಬ ಕಾಯಿಲೆಯ ಹೆಸರನ್ನು ನೀವು ಕೇಳಿರಬಹುದು. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟನ್ನು ನಾದಿದಾಗ ಎಳೆದರೆ ಎಳೆಯಾಗಿ ಬರುವ ಅಂಟು ಗುಣ ಅದರಿಂದಲೇ. ಸೀಲಿಯಾಕ್ ಇರುವವರ ದೇಹವು ಈ ಗ್ಲುಟೆನ್ನನ್ನು ಶತ್ರುವೆಂದು ತಿಳಿದು ಹೋರಾಟಕ್ಕಿಳಿಯುತ್ತದೆ. ಆ ಹೋರಾಟದಲ್ಲಿ ಹಾಳಾಗುವುದು ಅವರದೇ ಸಣ್ಣ ಕರುಳು. ಕರುಳಿನ ಒಳಗೋಡೆಯಲ್ಲಿ ಟವೆಲಿನ ಮೇಲಿನ ಎಳೆಗಳಂತೆ ಕೋಟ್ಯಂತರ ಸೂಕ್ಷ್ಮ ಬೆರಳುಗಳಿವೆ. ಆಹಾರದ ಸತ್ವವನ್ನು ಹೀರುವುದು ಅವುಗಳೇ. ಅವು ಸವೆದು ಚಪ್ಪಟೆಯಾದಾಗ ತಿಂದದ್ದು ಮೈಗೆ ಹತ್ತುವುದಿಲ್ಲ. ಮಗು ಬೆಳೆಯುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ಭೇದಿ ನಿಲ್ಲುವುದಿಲ್ಲ. ದೊಡ್ಡವರಲ್ಲಿ ಭೇದಿ ಇಲ್ಲದೆಯೂ ಕಾಯಿಲೆ ಅಡಗಿರಬಹುದು. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ, ಸದಾ ಆಯಾಸ, ಮತ್ತೆ ಮತ್ತೆ ಬರುವ ಬಾಯಿಹುಣ್ಣು, ಮೂಳೆಯ ದುರ್ಬಲತೆ ಇವೆಲ್ಲ ಅದರ ಗುರುತಾಗಿರಬಹುದು. ಇದನ್ನು ಗುಣಪಡಿಸುವ ಮಾತ್ರೆಯೂ ಇಲ್ಲ, ಚುಚ್ಚುಮದ್ದೂ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಬಿಟ್ಟರೆ ಕರುಳು ತಾನಾಗಿಯೇ ಚೇತರಿಸಿಕೊಳ್ಳುತ್ತದೆ.

ಅಂದರೆ ಈ ರೋಗಿಯ ಔಷಧ ತಯಾರಾಗುವುದು ಕಾರ್ಖಾನೆಯಲ್ಲಲ್ಲ, ಅಡುಗೆಮನೆಯಲ್ಲಿ. ಆದ್ದರಿಂದಲೇ ಈ ಕಾಯಿಲೆಯವರ ಬದುಕನ್ನು ಹಗುರಗೊಳಿಸಿದವರ ಸಾಲಿನಲ್ಲಿ ವೈದ್ಯರ ಜೊತೆಗೆ ತಾಯಂದಿರೂ ಅಡುಗೆಯವರೂ ಸಿಗುತ್ತಾರೆ.

ಲಂಡನ್ನಿನ ವೈದ್ಯ ಸ್ಯಾಮ್ಯುವೆಲ್ ಗೀ 1888ರಲ್ಲಿ ಈ ಕಾಯಿಲೆಯ ಸ್ಪಷ್ಟ ವಿವರಣೆಯನ್ನು ಪ್ರಕಟಿಸಿದರು. ಇದು ಗುಣವಾಗುವುದಿದ್ದರೆ ಪಥ್ಯದಿಂದಲೇ ಎಂದು ಅವರು ಸರಿಯಾಗಿ ಊಹಿಸಿದ್ದರು. ಆದರೆ ಯಾವ ಪಥ್ಯ? ಅನ್ನ ಮತ್ತು ಸಾಬಕ್ಕಿ ಕೂಡದು, ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ ಕೊಡಬಹುದು ಎಂದರು! ಒಗ್ಗುವುದನ್ನು ನಿಷೇಧಿಸಿ ವಿಷವನ್ನು ಬಡಿಸಿದಂತಾಯಿತು. ಅವರ ಒಬ್ಬ ಬಾಲಕನಿಗೆ ದಿನವೂ ಒಂದು ಲೀಟರಿಗಿಂತ ಹೆಚ್ಚು ಪಚ್ಚಿಲೆ ಎಂಬ ಚಿಪ್ಪುಮೀನು ಕೊಟ್ಟಾಗ ಅವನು ಚೆನ್ನಾಗಿ ಚೇತರಿಸಿಕೊಂಡ. ಪಚ್ಚಿಲೆಯ ಕಾಲ ಮುಗಿಯಿತು, ಕಾಯಿಲೆ ಮರಳಿತು. ಮರುವರ್ಷ ಎಷ್ಟು ಕೇಳಿಕೊಂಡರೂ ಅವನು ಅದನ್ನು ಬಾಯಿಗಿಡಲಿಲ್ಲ. ಪಾಪ, ಯಾರು ತಾನೇ ಇಡುತ್ತಾರೆ? 1924ರಲ್ಲಿ ನ್ಯೂಯಾರ್ಕಿನ ಡಾ. ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಮಕ್ಕಳು ಬದುಕಿದರು. ಬಾಳೆಹಣ್ಣಿನಲ್ಲಿ ಏನೋ ಮಹಿಮೆ ಇದೆಯೆಂದು ಎಲ್ಲರೂ ನಂಬಿದರು. ನಿಜವಾಗಿ ಕೆಲಸ ಮಾಡಿದ್ದು ಆ ಪಥ್ಯದಲ್ಲಿ ಬ್ರೆಡ್ ಇಲ್ಲದ್ದು.

ಇದನ್ನು ಕಂಡುಹಿಡಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕ್. 1936ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ಹೇಗ್ ನಗರದ ಜೂಲಿಯಾನ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದವರು. ಬ್ರೆಡ್ ನಿಲ್ಲಿಸಿದರೆ ನನ್ನ ಮಗುವಿಗೆ ಬೇಗ ಗುಣವಾಗುತ್ತದೆ ಎಂದು ಒಬ್ಬ ಯುವ ತಾಯಿ ಅವರ ಬಳಿ ಹೇಳಿದರಂತೆ. ನಮ್ಮ ಆಸ್ಪತ್ರೆಗಳಲ್ಲಿ ತಾಯಂದಿರು ಹೀಗೆ ಏನಾದರೂ ಹೇಳಲು ಹೊರಟರೆ ಸಿಗುವ ಉತ್ತರ ನಿಮಗೆ ಗೊತ್ತಿದೆ. "ಡಾಕ್ಟರ್ ನೀವೋ ನಾನೋ?" ಡಾ. ಡಿಕ್ ಹಾಗೆ ಕೇಳಲಿಲ್ಲ. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮಕ್ಕಳಿಗೆ ಗೋಧಿ ಬಿಡಿಸಿ ನೋಡತೊಡಗಿದರು. 1941ರಲ್ಲಿ ಆ ಪಥ್ಯದ ಬಗ್ಗೆ ಡಚ್ ಭಾಷೆಯಲ್ಲಿ ಬರೆದರು. ಯುದ್ಧದ ಕಾಲವದು, ಹೊರಗಿನ ಜಗತ್ತು ಓದಲಿಲ್ಲ.

1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ಹಾಲೆಂಡಿನ ಪಶ್ಚಿಮ ಭಾಗದಲ್ಲಿ ಭೀಕರ ಬರ ಬಂತು. ಜನ ಟುಲಿಪ್ ಹೂವಿನ ಗೆಡ್ಡೆಯನ್ನು ಬೇಯಿಸಿ ತಿಂದರು. ಸುಮಾರು ಇಪ್ಪತ್ತು ಸಾವಿರ ಮಂದಿ ಸತ್ತರು. ಊರಿಗೆ ಊರೇ ಸೊರಗುತ್ತಿದ್ದಾಗ ಡಾ. ಡಿಕ್‌ರ ಸೀಲಿಯಾಕ್ ಮಕ್ಕಳು ಸುಧಾರಿಸಿಕೊಂಡರು. ಏಕೆಂದರೆ ಬ್ರೆಡ್ ಇರಲಿಲ್ಲ. ಮಿತ್ರರಾಷ್ಟ್ರಗಳ ವಿಮಾನಗಳು ಆಹಾರ ಸುರಿಸಿ ಬ್ರೆಡ್ ಮರಳಿದಾಗ ಆ ಮಕ್ಕಳು ಮತ್ತೆ ಹಾಸಿಗೆ ಹಿಡಿದರೆಂದು ಹೇಳಲಾಗುತ್ತದೆ. ಬರದಿಂದ ಅವರಿಗೆ ಇದು ಹೊಳೆಯಿತು ಎಂದು ಹಲವೆಡೆ ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಸಂಶಯ ಮೊದಲೇ ಇತ್ತು, ಬರ ಅದನ್ನು ಗಟ್ಟಿ ಮಾಡಿತು. ಯುದ್ಧ ಮುಗಿದ ಮೇಲೆ ಅವರು ಮಕ್ಕಳಿಗೆ ಒಂದೊಂದೇ ಧಾನ್ಯ ಕೊಟ್ಟು, ತಿಂಗಳುಗಟ್ಟಲೆ ತೂಕ ಬರೆದಿಟ್ಟು, 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಒಪ್ಪಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ವಾನ್ ಡೆ ಕಾಮರ್ ಮತ್ತು ವೈಯರ್ಸ್ ಎಂಬ ಸಹೋದ್ಯೋಗಿಗಳೊಂದಿಗೆ, ದೋಷ ಇರುವುದು ಗೋಧಿಯ ಪಿಷ್ಟದಲ್ಲಲ್ಲ, ಅದರ ಗ್ಲುಟೆನ್‌ನಲ್ಲಿ ಎಂದು ತೋರಿಸಿಕೊಟ್ಟರು. ಅವರು ತೀರಿಕೊಂಡದ್ದು 1962ರಲ್ಲಿ. ಆ ತಾಯಿಯ ಹೆಸರು ಮಾತ್ರ ಇತಿಹಾಸದಲ್ಲಿ ಉಳಿಯಲಿಲ್ಲ.

ಹಸಿದವರಿಗೆಂದು ಕಳಿಸಿದ ಬ್ರೆಡ್ಡೇ ಕೆಲವರಿಗೆ ಕಾಯಿಲೆ ತಂದ ಈ ಕಥೆ ಹಾಲೆಂಡಿನಲ್ಲಿ ಮುಗಿಯಲಿಲ್ಲ. ಪಶ್ಚಿಮ ಸಹಾರಾದ ಮುಸ್ಲಿಮರು 1975ರಿಂದ ಅಲ್ಜೀರಿಯಾದ ತಿಂದೂಫ್ ಮರಳುಗಾಡಿನ ಶಿಬಿರಗಳಲ್ಲಿದ್ದಾರೆ. ಒಂಟೆಯ ಹಾಲು, ಮಾಂಸದ ಮೇಲೆ ಬದುಕುತ್ತಿದ್ದ ಜನಾಂಗಕ್ಕೆ ಪರಿಹಾರದ ಗೋಧಿ ಹಿಟ್ಟೇ ದಿನನಿತ್ಯದ ಊಟವಾಯಿತು. ಇಟಲಿಯ ಡಾ. ಕಾರ್ಲೊ ಕತಾಸಿ ಮತ್ತವರ ತಂಡ ಅಲ್ಲಿನ ಸುಮಾರು ಸಾವಿರ ಮಕ್ಕಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇ. 5.6 ಮಕ್ಕಳಿಗೆ ಸೀಲಿಯಾಕ್ ಇತ್ತು. ಯುರೋಪಿನಲ್ಲಿ ಅದು ಸುಮಾರು ಶೇ. 1. ಆ ತಂಡ ಹೋಗಿ ನೋಡದಿದ್ದರೆ ಶಿಬಿರದ ಮಕ್ಕಳ ಭೇದಿಗೆ ಎಲ್ಲರೂ ಕೊಳಕು ನೀರನ್ನೇ ದೂರುತ್ತಿದ್ದರು. 2023ರ ನಂತರ ಗಾಝಾದ ಮುತ್ತಿಗೆಯಲ್ಲೂ ಇದೇ ಸಂಕಟ ಮರುಕಳಿಸಿತು. ಒಳಗೆ ಬಂದ ಅಲ್ಪಸ್ವಲ್ಪ ಪರಿಹಾರ ಗೋಧಿ ಹಿಟ್ಟಿನ ರೂಪದಲ್ಲಿದ್ದಾಗ, ಸೀಲಿಯಾಕ್ ಮಕ್ಕಳ ತಾಯಂದಿರಿಗೆ ಹಸಿವು ಅಥವಾ ಕಾಯಿಲೆ, ಈ ಎರಡರಲ್ಲಿ ಒಂದನ್ನು ಆರಿಸಬೇಕಾಯಿತು.

ಕಾರಣ ಗೊತ್ತಾಯಿತು ಎಂದಾಕ್ಷಣ ಬದುಕು ಸುಲಭವಾಗುವುದಿಲ್ಲ. "ಗೋಧಿ ಬಿಡಿ" ಎಂದು ಚೀಟಿ ಬರೆದುಕೊಟ್ಟರೆ ವೈದ್ಯರ ಕೆಲಸ ಮುಗಿಯಿತು. ನಾಳೆ ಬೆಳಿಗ್ಗೆ ಏನು ತಿನ್ನುವುದು? ಅಂಗಡಿಯ ಪೊಟ್ಟಣದಲ್ಲಿ ಏನಿದೆ? ಬ್ರಿಟನ್ನಿನಲ್ಲಿ 1968ರಲ್ಲಿ ಸೀಲಿಯಾಕ್ ರೋಗಿಗಳ ಸಂಘವನ್ನು ಕಟ್ಟಿದವರು ಪೀಟರ್ ಬೆನೆನ್ಸನ್ ಮತ್ತು ಎಲಿಝಬೆತ್ ಸೆಗಾಲ್. ಬೆನೆನ್ಸನ್ ಎಂದರೆ 1961ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸ್ಥಾಪಿಸಿದ ಅದೇ ವಕೀಲರು. ಅವರಿಗೇ ಈ ಕಾಯಿಲೆಯಿತ್ತು. ಕೈದಿಗಳ ಪರವಾಗಿ ಸರಕಾರಗಳಿಗೆ ಪತ್ರ ಬರೆಸಿದವರು, ಊಟಕ್ಕೆ ಪರದಾಡುವವರನ್ನೂ ಒಗ್ಗೂಡಿಸಿದರು. ಯಾವ ಕಂಪೆನಿಯ ಯಾವ ತಿನಿಸನ್ನು ಧೈರ್ಯವಾಗಿ ತಿನ್ನಬಹುದು ಎಂಬ ಪಟ್ಟಿಯನ್ನು ಸಂಘವು ಪ್ರಕಟಿಸಿತು. ಅಮೆರಿಕದ ಬೆಟ್ಟಿ ಹಾಗ್‌ಮನ್ ಎಂಬ ಗೃಹಿಣಿ ವೈದ್ಯೆಯೂ ಅಲ್ಲ, ವಿಜ್ಞಾನಿಯೂ ಅಲ್ಲ. ತನಗೆ ಕಾಯಿಲೆ ಪತ್ತೆಯಾದ ಮೇಲೆ ಅಕ್ಕಿ ಹಿಟ್ಟು, ಆಲೂಗಡ್ಡೆ ಪಿಷ್ಟ, ಮರಗೆಣಸಿನ ಪಿಷ್ಟಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಬ್ರೆಡ್ ಉಬ್ಬುವವರೆಗೂ ಪ್ರಯತ್ನಿಸಿದರು. 1990ರಲ್ಲಿ ಬಂದ ಅವರ ಅಡುಗೆ ಪುಸ್ತಕ ಸಾವಿರಾರು ಮನೆಗಳಿಗೆ ಆಸರೆಯಾಯಿತು. ಇಟಲಿ 2005ರಲ್ಲಿ ಕಾನೂನನ್ನೇ ಮಾಡಿ, ಶಾಲೆ ಮತ್ತು ಆಸ್ಪತ್ರೆಗಳ ಊಟದ ಮನೆಯಲ್ಲಿ ಕೇಳಿದವರಿಗೆ ಗ್ಲುಟೆನ್ ಇಲ್ಲದ ಊಟ ಸಿಗುವಂತೆ ಮಾಡಿತು.

ನಮ್ಮ ದೇಶದ ಮಾತಿಗೆ ಬರೋಣ. ಇದು ಬಿಳಿಯರ ಕಾಯಿಲೆ ಎಂದು ಬಹಳ ಕಾಲ ತಿಳಿಯಲಾಗಿತ್ತು. ದಿಲ್ಲಿಯ ಏಮ್ಸ್ ಸಂಸ್ಥೆಯ ಡಾ. ಗೋವಿಂದ ಮಖಾರಿಯಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ, ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗೆ ಇದು ಇದೆ ಎಂದಿತು. 2016ರ ಇನ್ನೊಂದು ಅಧ್ಯಯನ ಇನ್ನೂ ಕುತೂಹಲಕರ. ಕಾಯಿಲೆ ಬರಲು ಬೇಕಾದ ವಂಶವಾಹಿಗಳು ಉತ್ತರದವರಲ್ಲೂ ದಕ್ಷಿಣದವರಲ್ಲೂ ಹೆಚ್ಚುಕಡಿಮೆ ಸಮಾನವಾಗಿ, ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿವೆ. ಆದರೆ ಕಾಯಿಲೆ ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಮ್ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಮ್. ಈಗ ನಮ್ಮ ಅಡುಗೆಮನೆಯನ್ನೊಮ್ಮೆ ನೋಡಿ. ಸಕ್ಕರೆ ಕಾಯಿಲೆಗೆ ಚಪಾತಿ, ಅವಸರಕ್ಕೆ ಬ್ರೆಡ್, ಸಂಜೆಗೆ ಪರೋಟ, ಮಕ್ಕಳಿಗೆ ನೂಡಲ್ಸ್. ಗಲ್ಫಿನಲ್ಲಿರುವ ನಮ್ಮವರಿಗಂತೂ ಮೂರು ಹೊತ್ತೂ ಖುಬ್ಬೂಸ್. ಎಲ್ಲರೂ ಹೆದರಬೇಕೆಂದಲ್ಲ. ಗೋಧಿ ಒಗ್ಗುವವರಿಗೆ ಅದು ಒಳ್ಳೆಯ ಆಹಾರವೇ, ಸುಮ್ಮನೆ ಬಿಡಬೇಕಾಗಿಲ್ಲ. ಸಂಶಯವಿದ್ದರೆ ರಕ್ತಪರೀಕ್ಷೆಯಿದೆ. 1997ರಲ್ಲಿ ಜರ್ಮನಿಯ ಸಂಶೋಧಕರು ಮಾಡಿದ ಶೋಧನೆಯಿಂದ ಈ ಪರೀಕ್ಷೆ ಸರಳವಾಗಿದೆ. ಆದರೆ ಒಂದು ಮಾತು: ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಇರುವ ಕಾಯಿಲೆಯೂ ವರದಿಯಲ್ಲಿ ಕಾಣಿಸದೆ ಹೋಗಬಹುದು.

ಪಥ್ಯ ಮಾಡುವವರನ್ನು ಧರ್ಮದ ಹೆಸರಿನಲ್ಲಿ ಕುಟುಕುವವರೂ ಇದ್ದಾರೆ. ಬಾರ್ಲಿ ಪ್ರವಾದಿ(ಸ)ಯವರ ಆಹಾರ, ತಲ್ಬೀನ ಕುಡಿದರೆ ಬಾಧೆಯಾಗದು ಎನ್ನುತ್ತಾರೆ. ಬಾರ್ಲಿಯ ಗಂಜಿ ರೋಗಿಗೆ ಹಿತವೆಂದು ಹದೀಸ್‌ನಲ್ಲಿ ಬಂದಿರುವುದು ನಿಜ. ಆದರೆ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿರುವ ಇನ್ನೊಂದು ಘಟನೆಯನ್ನು ನೋಡಿ. ಉಮ್ಮುಲ್ ಮುಂದಿರ್(ರ) ಅವರ ಮನೆಯಲ್ಲಿ ಖರ್ಜೂರದ ಗೊನೆ ತೂಗುತ್ತಿತ್ತು. ಆಗ ತಾನೇ ಕಾಯಿಲೆಯಿಂದ ಎದ್ದಿದ್ದ ಹ. ಅಲೀ(ರ) ತಿನ್ನತೊಡಗಿದಾಗ ಪ್ರವಾದಿ(ಸ) ಅವರನ್ನು ತಡೆದರು. ಬಳಿಕ ಆ ಮಹಿಳೆ ಬಾರ್ಲಿ ಮತ್ತು ಸೊಪ್ಪಿನ ಅಡುಗೆ ತಂದಾಗ, ಇದು ನಿಮಗೆ ಹೆಚ್ಚು ಹಿತ ಎಂಬರ್ಥದಲ್ಲಿ ಅಲೀ(ರ)ಗೆ ಹೇಳಿದರು. ಖರ್ಜೂರ ಹಲಾಲ್ ಅಲ್ಲವೇ? ಆದರೂ ರೋಗಿಯ ಸ್ಥಿತಿ ನೋಡಿ ಅದನ್ನು ತಡೆಯಲಾಯಿತು. ಇಲ್ಲಿರುವ ಸುನ್ನತ್ತು ಪಥ್ಯ. ಅಂದು ಖರ್ಜೂರ ತಪ್ಪಿಸಬೇಕಾಗಿತ್ತು, ಸೀಲಿಯಾಕ್ ಇರುವವರು ಬಾರ್ಲಿಯನ್ನೇ ತಪ್ಪಿಸಬೇಕು. ಉಪವಾಸದಲ್ಲೂ ರೋಗಿಗೆ ಪವಿತ್ರ ಕುರ್‌ಆನ್ ರಿಯಾಯಿತಿ ನೀಡಿರುವಾಗ ನಮ್ಮ ಮನೆಯ ಸಮೋಸಕ್ಕೆ ರಿಯಾಯಿತಿ ಇಲ್ಲವೆನ್ನುವುದು ಯಾವ ಫಿಕ್ಹ್?

ಇನ್ನು ಅಡುಗೆಯ ವಿಷಯ. ಹಾಗ್‌ಮನ್ ವರ್ಷಗಟ್ಟಲೆ ಹುಡುಕಿದ್ದು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಅಕ್ಕಿರೊಟ್ಟಿ, ಪತ್ತಿರಿ, ನೀರುದೋಸೆ, ಇಡ್ಲಿ, ರಾಗಿಮುದ್ದೆ, ಜೋಳದ ರೊಟ್ಟಿ, ಸಜ್ಜೆರೊಟ್ಟಿ, ಒತ್ತುಶಾವಿಗೆ. ಇವೆಲ್ಲ ಸೀಲಿಯಾಕ್ ಇರುವವರ ಹಕ್ಕಿನ ಊಟ. ಎಡವುವುದು ಕಣ್ಣಿಗೆ ಕಾಣದ ಕಡೆ. ಅಂಗಡಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ, ಡಬ್ಬಿಯ ಮೇಲೆ ಓದಿ ನೋಡಿ. ಸಾಂಬಾರಿಗೆ ಚಿಟಿಕೆ ಬಿದ್ದರೂ ಸಾಕು. ಮಾಲ್ಟ್ ಎಂದು ಬರೆದ ಪಾನೀಯ ಬಾರ್ಲಿಯದು. ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿಯಿದೆ. ಹಲೀಮ್, ಹರೀಸಾ ಹೇಳಬೇಕಾಗಿಲ್ಲ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ ಬೀಸಿದರೆ ರಾಗಿಯೂ ಕೆಟ್ಟಿತು. ಆ ಮನೆಯವರು ಹಿಟ್ಟನ್ನು ಮನೆಯಲ್ಲೇ ಮಿಕ್ಸಿಯಲ್ಲಿ ಮಾಡಿಕೊಳ್ಳುವುದು ಕ್ಷೇಮ. ಸಮೋಸ ಕರಿದ ಎಣ್ಣೆಯಲ್ಲಿ ಮೀನು ಹುರಿಯಬಾರದು, ಚಪಾತಿಯ ಕಾವಲಿಯಲ್ಲಿ ಅಕ್ಕಿರೊಟ್ಟಿ ಬೇಯಿಸಬಾರದು. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಮ್‌ಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ನಮ್ಮ ದೇಶದ ನಿಯಮವಿದೆ. ಅಷ್ಟು ಸೂಕ್ಷ್ಮ ಈ ಲೆಕ್ಕ. ಹೀಗಿರುವಾಗ ಒಂದು ಚಮಚ ಶೀರ್‌ಖುರ್ಮಾ ಸಣ್ಣದಲ್ಲ. ಅಕ್ಕಿ ಶಾವಿಗೆಯಲ್ಲಿ ಅದನ್ನೇ ಮಾಡಿದರೆ ಮನೆಯವರೆಲ್ಲ ಒಂದೇ ಪಾತ್ರೆಯಿಂದ ತಿನ್ನಬಹುದು.

ಕೊನೆಯದಾಗಿ ಮಸೀದಿ ಕಮಿಟಿಗಳಲ್ಲಿರುವ ಓದುಗರಿಗೆ ಒಂದು ಕೋರಿಕೆ. ರಮಝಾನ್ ಕಿಟ್‌ನಲ್ಲಿ ನಾವು ತುಂಬುವುದೇನು? ಮೈದಾ, ರವೆ, ಶಾವಿಗೆ, ಗೋಧಿ ಹಿಟ್ಟು. ಪಡೆದ ಮನೆಯಲ್ಲಿ ಇಂಥ ಮಗುವಿದ್ದರೂ, ದಾನವನ್ನು ಬೇಡವೆನ್ನುವ ಬಾಯಿ ಬಡವರಿಗಿಲ್ಲ. ಪಟ್ಟಿ ಬರೆಯುವಾಗಲೇ, ಗೋಧಿ ಒಗ್ಗದವರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಇದ್ದರೆ ಆ ಕಿಟ್‌ನಲ್ಲಿ ಅದೇ ಬೆಲೆಯ ಅಕ್ಕಿ, ರಾಗಿ, ಕಡಲೆಬೇಳೆ, ಅವಲಕ್ಕಿ ಇಟ್ಟು, ಚೀಲದ ಮೇಲೆ ಆ ಮನೆಯ ಹೆಸರು ಬರೆದು ಬೇರೆಯಾಗಿ ಇಡಿ.