ರಕ್ತದ ಕೊಬ್ಬಿಗೆ ಗುಗ್ಗುಳ, ಹಲ್ಲಿಗೆ ಇಕ್ಕಳ

ಮದುವೆಗೆ ಮುನ್ನ ವೀರಭದ್ರದೇವರ ಗುಗ್ಗುಳ ಹೊರಡಿಸುವ ಮನೆತನಗಳಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಧೂಪವಾಗಿ ಉರಿಯುವ ಅದೇ ಮರದಂಟು ಇಂದು ಚೂರ್ಣವಾಗಿ, ಗುಳಿಗೆಯಾಗಿ, 'ರಕ್ತದ ಕೊಬ್ಬು ಕರಗಿಸುವ ಮದ್ದು' ಎಂಬ ಹೆಸರಿನಲ್ಲಿ ಮನೆ ಸೇರುತ್ತಿದೆ. ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಹೋದವರು ಬೆಂಡು ಬತ್ತಾಸುಗಳೊಡನೆ ಗಿಡಮೂಲಿಕೆಯ ಪೊಟ್ಟಣವನ್ನೂ ತರುವುದುಂಟು. ತಂದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಹಲ್ಲು ಕೀಳಿಸಲು ಹೋದಾಗ ಆ ಪೊಟ್ಟಣದ ಮಾತನ್ನು ವೈದ್ಯರ ಮುಂದೆ ಎತ್ತುವವರು ವಿರಳ. ಅದನ್ನು ಕುರಿತು ಈ ತಿಂಗಳು ವಿವೇಚಿಸಲು ಬಯಸುತ್ತೇವೆ.

ಗುಗ್ಗುಳದ ಸಂಶೋಧನೆ ನಮ್ಮ ದೇಶದಲ್ಲಿಯೇ ಮೊದಲಾದುದು. ಸುಶ್ರುತ ಸಂಹಿತೆಯಲ್ಲಿ ಬರುವ ಮೇದೋರೋಗದ ವಿವರಣೆಯನ್ನು ಆಧರಿಸಿ ಡಾ. ಜಿ.ವಿ. ಸತ್ಯವತಿಯವರು 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರೌಢಪ್ರಬಂಧ ಬರೆದರು. ಮೊಲಗಳ ಮೇಲಿನ ಪ್ರಯೋಗದಲ್ಲಿ ಕೊಲೆಸ್ಟೆರಾಲ್ ಇಳಿದುದು ಕಂಡುಬಂದಿತು. ಮುಂದೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ಇದರ ಸಾರವನ್ನು ಔಷಧವಾಗಿ ರೂಪಿಸಿತು. ಭಾರತದಲ್ಲಿ ನಡೆದ ಆರಂಭದ ಪರೀಕ್ಷೆಗಳು ಆಶಾದಾಯಕವಾಗಿದ್ದವು.

ಆದರೆ 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು 103 ಜನರ ಮೇಲೆ ಎಂಟು ವಾರ ನಡೆಸಿದ ಪರೀಕ್ಷೆಯ ಫಲ ಬೇರೆಯಾಯಿತು. ಔಷಧವಿಲ್ಲದ ತೋರಿಕೆಯ ಗುಳಿಗೆ ನುಂಗಿದವರಲ್ಲಿ ಕೆಟ್ಟ ಕೊಬ್ಬು ಶೇ. 5ರಷ್ಟು ಇಳಿದರೆ, ಗುಗ್ಗುಳ ಸೇವಿಸಿದವರಲ್ಲಿ ಶೇ. 4ರಿಂದ 5ರಷ್ಟು ಏರಿತು! ಕೆಲವರಿಗೆ ಮೈಮೇಲೆ ದದ್ದುಗಳೆದ್ದವು. ಬೆಳ್ಳುಳ್ಳಿಯ ಗತಿಯೂ ಇಂಥದೇ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 192 ಜನರ ಮೇಲೆ ಆರು ತಿಂಗಳು ನಡೆದ ಪರೀಕ್ಷೆಯಲ್ಲಿ ಹಸಿ ಬೆಳ್ಳುಳ್ಳಿಯಾಗಲಿ ಗುಳಿಗೆಯಾಗಲಿ ಕೆಟ್ಟ ಕೊಬ್ಬನ್ನು ಇಳಿಸಲಿಲ್ಲ. ಅಡಿಗೆಯಲ್ಲಿ ಅದರ ರುಚಿಗೇನೂ ಇದರಿಂದ ಕುಂದಿಲ್ಲವೆನ್ನಿ.

ನಮ್ಮ ಕಡೆಯ ತಾಯಂದಿರು ಮಾಡುವ ಅಗಸಿ ಹಿಂಡಿ, ಮೆಂತ್ಯದ ಕಾಳು, ಕಾಳುಪಲ್ಯಗಳ ನಾರಿನಂಶ ಕೊಬ್ಬನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಲ್ಲದು. ಬನಶಂಕರಿಗೆ ನೂರೆಂಟು ಪಲ್ಯಗಳ ನೈವೇದ್ಯ ಮಾಡುವ ಸೀಮೆಯವರಿಗೆ ತರಕಾರಿಯ ಮಹತ್ವವನ್ನು ನಾವು ಬೋಧಿಸಬೇಕೆ? ಆದರೆ ಒಮ್ಮೆ ಹೃದಯಾಘಾತವಾದವರು ಇಷ್ಟನ್ನೇ ನಂಬಿ ವೈದ್ಯರು ಬರೆದ ಸ್ಟಾಟಿನ್ ಗುಳಿಗೆ ಬಿಡುವುದು ಪ್ರಾಣಕ್ಕೆ ಎರವು.

ಹಲ್ಲಿನ ವಿಷಯದಲ್ಲಿ ಜನರ ನಿರೀಕ್ಷೆಯೇ ಬೇರೆ. ಒಂದೇ ಸಲಕ್ಕೆ ನೋವು ಹೋಗಬೇಕು, ಎರಡು ಗುಳಿಗೆಯಲ್ಲಿ ಮುಗಿಯಬೇಕು, ಮತ್ತೆ ಬರುವಂತಿರಬಾರದು. ಇದರೊಡನೆ, "ಮ್ಯಾಲಿನ ಹಲ್ಲು ಕೀಳಿಸಿದ್ರ ಕಣ್ಣು ಮಂದ ಆಕ್ಕಾವ" ಎಂಬ ಭಯ ಬೇರೆ. ಹಲ್ಲಿಗೂ ಮುಖಕ್ಕೂ ಸ್ಪರ್ಶ, ನೋವುಗಳ ಅರಿವನ್ನು ತರುವ ನರ ಒಂದೇ ಮೂಲದ್ದಾದುದರಿಂದ ಹಲ್ಲುನೋವು ಕಣ್ಣಿನವರೆಗೆ ಹಬ್ಬಿದಂತೆ ಭಾಸವಾಗುವುದುಂಟು. ಆದರೆ ನೋಟದ ನರ ಪ್ರತ್ಯೇಕವಾದುದು. ಹಲ್ಲು ತೆಗೆಸುವುದರಿಂದ ಅದು ಕೆಡದು. ಸ್ವಚ್ಛ ಮಾಡಿಸಿದರೆ ಹಲ್ಲು ಅಲುಗಾಡುತ್ತವೆ ಎಂಬುದೂ ಹೀಗೆಯೇ. ವಸಡು ಮೊದಲೇ ಸಡಿಲಾಗಿರುತ್ತದೆ, ಗಟ್ಟಿಗಟ್ಟಿದ ಪಾಚಿ ಕಳಚಿದಾಗ ಅದು ಗೊತ್ತಾಗುತ್ತದೆ, ಅಷ್ಟೇ.

ಈಗ ಮುಖ್ಯ ವಿಷಯ. 'ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ?' ಎಂದು ದಂತವೈದ್ಯರು ಕೇಳಿದಾಗ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಹೇಳುತ್ತಾರೆ. ಚೂರ್ಣವನ್ನು ಹೇಳುವುದಿಲ್ಲ, ಅದು ಔಷಧವೆಂದು ಅವರ ಲೆಕ್ಕದಲ್ಲಿಲ್ಲ. ಆದರೆ ಬೆಳ್ಳುಳ್ಳಿಯ ಸಾಂದ್ರ ಗುಳಿಗೆಗಳು ರಕ್ತ ಹೆಪ್ಪುಗಟ್ಟುವುದನ್ನು ಮಂದಗೊಳಿಸಬಲ್ಲವು. ಆಸ್ಪಿರಿನ್ ಸೇವಿಸುವವರು ಅದನ್ನೂ ಸೇರಿಸಿದರೆ ಹಲ್ಲು ಕಿತ್ತ ಕುಳಿಯಿಂದ ರಕ್ತ ಹೆಚ್ಚು ಹೊತ್ತು ಸುರಿಯಬಹುದು. ಗುಗ್ಗುಳವಾದರೋ ಪ್ರೊಪ್ರನಾಲೋಲ್, ಡಿಲ್ಟಿಯಾಜೆಮ್ ಎಂಬ ಬಿ.ಪಿ. ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನೇ ತಗ್ಗಿಸುತ್ತದೆ. ಸ್ಟಾಟಿನ್ ಸೇವಿಸುವವರೂ ಹೇಳಬೇಕು. ಹಲ್ಲಿನ ಕೀವಿಗೆಂದು ಬರೆಯುವ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್‌ಗಳು ಕೆಲವು ಸ್ಟಾಟಿನ್‌ಗಳೊಡನೆ ಸೇರಿ ಸ್ನಾಯುಗಳಿಗೆ ತೀವ್ರ ಹಾನಿ ಮಾಡಬಲ್ಲವು. ಗೊತ್ತಿದ್ದರೆ ವೈದ್ಯರು ಬೇರೆ ಔಷಧ ಬರೆಯುತ್ತಾರೆ.

ಇದಕ್ಕೆ ವಿರುದ್ಧವಾಗಿ, ರಕ್ತ ನಿಲ್ಲಲಾರದೆಂದು ಹೆದರಿ ವಾರದ ಮೊದಲೇ ತಾವಾಗಿ ಆಸ್ಪಿರಿನ್ ನಿಲ್ಲಿಸಿ ಬರುವವರೂ ಇದ್ದಾರೆ. ಹೃದಯದಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಹಲ್ಲಿನ ರಕ್ತಸ್ರಾವಕ್ಕಿಂತ ಎಷ್ಟೋ ಪಾಲು ಅಪಾಯಕರ. ಸಾಮಾನ್ಯವಾಗಿ ಹತ್ತಿಯನ್ನು ಒತ್ತಿ ಕಚ್ಚಿ ಹಿಡಿಯುವುದರಿಂದಲೇ ಕುಳಿಯ ರಕ್ತ ನಿಲ್ಲುತ್ತದೆ; ಬೇಕೆನಿಸಿದರೆ ವೈದ್ಯರು ಹೊಲಿಗೆ ಹಾಕುತ್ತಾರೆ.

ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿ ಆಯುರ್ವೇದ ಮಹಾವಿದ್ಯಾಲಯವೂ ದಂತ ಮಹಾವಿದ್ಯಾಲಯವೂ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇವೆ. ಮೂರೂ ಒಂದೇ ಊರಿನಲ್ಲಿರುವುದು ನಮ್ಮ ಸೀಮೆಯವರ ಭಾಗ್ಯ. ಆದರೆ ಒಂದು ಕಡೆ ನುಂಗಿದ್ದನ್ನು ಇನ್ನೊಂದು ಕಡೆ ರೋಗಿಯೇ ತಿಳಿಸಬೇಕಾಗುತ್ತದೆ. ಹೆಸರು ನೆನಪಿರದಿದ್ದರೆ ಸಂಕೋಚ ಬೇಡ. ಮನೆಯ ಹಿರಿಯರನ್ನು ಹಲ್ಲಿನ ಆಸ್ಪತ್ರೆಗೆ ಕರೆದೊಯ್ಯುವವರು ಗುಳಿಗೆಯ ಹಾಳೆಗಳೊಡನೆ ಜಾತ್ರೆಯ ಆ ಪೊಟ್ಟಣವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲಿ.