ಜತ್ತದಾಗ ಕಳುವಾದ್ರ ತಿಕೋಟಾದಾಗ ದೂರು ಕೊಡಬಹುದಾ?

ಕಳೆದ ದ್ರಾಕ್ಷಿ ಸೀಸನ್‌ನಲ್ಲಿ ಒಂದು ಭಾನುವಾರ ಕಾಕು ಫೋನಿನಿಂದ ಕಾಕಾ ಕಾಲ್ ಮಾಡಿದ್ರು. ನಮ್ಮೂರು ಕನಮಡಿ. ತಿಕೋಟಾ ತಾಲೂಕು, ಆದರೆ ಮಹಾರಾಷ್ಟ್ರದ ಜತ್ತ ನಮಗೆ ಹತ್ತಿರದ ಬಜಾರು. ನಾಲ್ಕು ದಿನದ ಹಿಂದೆ ಅಲ್ಲಿ ಕಾಕಾನ ಅಂಗಿ ಕಿಸೆಯಿಂದ ಮೊಬೈಲು ಹೋಗಿತ್ತು.

"ಸ್ಟೇಷನ್‌ಗೆ ಹೋಗಿದ್ರಿ?" ಅಂದೆ.

"ತಮ್ಮಾ, ಅದು ಮಹಾರಾಷ್ಟ್ರದಾಗ ಆದದ್ದು. ಇಲ್ಲಿ ಪೊಲೀಸರಿಗೆ ಏನಂತ ಹೇಳೂದು? ಮ್ಯಾಲ ಸ್ಟೇಷನ್ ಮೆಟ್ಟಲಾ ಹತ್ತಿದ್ರ ಮಂದಿ ಏನಂತಾರ?"

ಆಮೇಲೆ ಗೊತ್ತಾಯ್ತು, ಮೊಬೈಲ್ ಕವರ್‌ನೊಳಗೆ ಒಂದು ಚೀಟಿಯಲ್ಲಿ ಯುಪಿಐ ಪಿನ್ ಬರೆದಿಟ್ಟಿದ್ರು. ಮೊದಲ ದಿನ 8,000 ಹೋಗಿದೆ. ಎರಡನೇ ದಿನ 10,000, ಮೂರನೇ ದಿನ ಮತ್ತೆ 10,000. ಕಳವಾದ ರಾತ್ರಿಯೇ ಒಂದು ಕಾಲ್ ಮಾಡಿದ್ದರೆ ಕೊನೆಯ ಇಪ್ಪತ್ತು ಸಾವಿರ ಉಳೀತಿತ್ತೇನೋ. ದ್ರಾಕ್ಷಿ ಒಣಗಿಸೋ ಶೆಡ್‌ನ ಆಳುಗಳ ಕೂಲಿಗೆ ಇಟ್ಟಿದ್ದ ದುಡ್ಡು ಅದು.

ನನ್ನ ಟೀಮ್‌ನಲ್ಲಿ ಹತ್ತು ಜನ ಎಂಜಿನಿಯರ್‌ಗಳಿದ್ದಾರೆ. ಅವರನ್ನ ಕೇಳಿದ್ರೂ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ನನಗೂ ಇರಲಿಲ್ಲ. ಅವತ್ತಿನಿಂದ ಓದಿ, ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಘಟನೆ ನಡೆದ ಊರಲ್ಲೇ ದೂರು ಕೊಡಬೇಕಾ?

ಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದಕ್ಕೇ ಝೀರೋ ಎಫ್‌ಐಆರ್ ಅನ್ನೋದು. ಜತ್ತದ ಕಳವನ್ನು ತಿಕೋಟಾದಲ್ಲಿ ದಾಖಲಿಸಿ, ಅವರೇ ಜತ್ತ ಪೊಲೀಸರಿಗೆ ಕಳಿಸ್ತಾರೆ. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೂ ನಡೆಯುತ್ತೆ, ಆದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

'ಕಳೆದಿದೆ' ಅಂತ ಬರೀಬೇಕಾ, 'ಕಳುವಾಗಿದೆ' ಅಂತಲಾ?

ಇಲ್ಲಿ ನಾವೇ ಎಡವೋದು. ಎಲ್ಲೋ ಬಿದ್ದುಹೋದ ಮೊಬೈಲಿಗೆ ಕೆಎಸ್‌ಪಿ ಆ್ಯಪ್‌ನ ಇ-ಲಾಸ್ಟ್ ಸಾಕು. ಆದರೆ ಯಾರೋ ಕದ್ದಿದ್ದರೆ ಅದು ಅಪರಾಧ. ಬೇಗ ಮುಗೀಲಿ ಅಂತ 'ಕಳೆದಿದೆ' ಅಂತ ಬರೆದುಕೊಟ್ಟರೆ ಕಳವಿನ ತನಿಖೆಗೆ ದಾರಿಯೇ ಇರಲ್ಲ. ಎಲ್ಲಿ, ಎಷ್ಟೊತ್ತಿಗೆ, ಹೇಗೆ ಆಯ್ತು ಅನ್ನೋದನ್ನ ಆದಹಾಗೇ ಬರೀರಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ, ಕೇಳಿ ತಗೊಳ್ಳಿ.

ದೂರು ತಗೊಳ್ಳದಿದ್ದರೆ?

ಜಗಳ ಬೇಡ. ಅದೇ ದೂರನ್ನು ಬರವಣಿಗೆಯಲ್ಲಿ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ನಮಗಾದರೆ ವಿಜಯಪುರಕ್ಕೆ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಸಂಜ್ಞೇಯ ಅಪರಾಧದ ಮಾಹಿತಿ ಸಿಕ್ಕರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ದುಡ್ಡು ಹೋದರೆ ಮೊದಲು ಯಾರಿಗೆ ಫೋನ್?

1930ಕ್ಕೆ, ಜೊತೆಗೇ ಬ್ಯಾಂಕಿಗೆ. ಠಾಣೆ ಆಮೇಲೆ. ನಮ್ಮ ಖಾತೆಯಿಂದ ಹೋದ ಹಣ ಮುಂದಿನ ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲೇ ತಡೆಹಿಡಿಯೋಕೆ ಸಾಧ್ಯ. ಅಲ್ಲಿಂದ ದಾಟಿತೋ, ಹಿಡಿಯೋದು ಕಷ್ಟ. ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ.

ಇನ್ನೊಂದು ವಿಷಯ. 2017ರ ಜುಲೈನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆ ಪ್ರಕಾರ, ಪಿನ್ ಹಂಚಿಕೊಂಡಂಥ ತಪ್ಪು ನಮ್ಮದೇ ಆಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಿಳಿಸುವವರೆಗಿನದ್ದು ನಮ್ಮದು. ಕಾಕಾ ನಾಲ್ಕು ದಿನ ಸುಮ್ಮನಿದ್ದದ್ದರ ಬೆಲೆ ಇದು.

ಮೊಬೈಲ್ ಬ್ಲಾಕ್ ಮಾಡಿಸೋದು ಹೇಗೆ?

ಮೊದಲು ಅದೇ ನಂಬರಿನ ಹೊಸ ಸಿಮ್ ತಗೊಳ್ಳಿ. ಆಮೇಲೆ ಸಿಇಐಆರ್ ಪೋರ್ಟಲ್‌ನಲ್ಲಿ ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ, ಐಎಂಇಐ ಸಂಖ್ಯೆ ಕೊಟ್ಟು ಕೋರಿಕೆ ಹಾಕಿ. ಹೊಸ ಸಿಮ್‌ಗೆ 24 ಗಂಟೆ ಎಸ್‌ಎಂಎಸ್ ಬರಲ್ಲ, ಹಾಗಾಗಿ ಒಟಿಪಿಗೆ ಒಂದು ದಿನ ಕಾಯಬೇಕಾಗುತ್ತೆ. ಬ್ಲಾಕ್ ಆದ ಮೊಬೈಲು ಸಿಮ್ ಬದಲಿಸಿದ್ರೂ ದೇಶದ ಯಾವ ನೆಟ್‌ವರ್ಕ್‌ನಲ್ಲೂ ನಡೆಯಲ್ಲ.

ಮತ್ತೆ ಮತ್ತೆ ಠಾಣೆಗೆ ಕರೀತಾರಾ?

ಕಾಕಾನ ನಿಜವಾದ ಭಯ ಇದೇ ಆಗಿತ್ತು. ತನಿಖೆಯಲ್ಲಿ ಸಾಕ್ಷಿಯಾಗಿ ವಿಚಾರಿಸಬೇಕಾದರೆ ಹೆಂಗಸರನ್ನು ಮತ್ತು 60 ವರ್ಷ ದಾಟಿದ ಗಂಡಸರನ್ನು ಠಾಣೆಗೆ ಬಾ ಅಂತ ಒತ್ತಾಯಿಸುವಂತಿಲ್ಲ, ಅವರ ಮನೆಯಲ್ಲೇ ವಿಚಾರಿಸಬೇಕು. ಕಾಕಾಗೆ ಈಗ 62. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸೋದೂ ಪೊಲೀಸರ ಜವಾಬ್ದಾರಿ.

ಇದನ್ನೆಲ್ಲ ಫೋನಲ್ಲಿ ಓದಿ ಹೇಳಿದೆ. ಮರುದಿನ ಕಾಕಾ ಇಸ್ತ್ರಿ ಅಂಗಿ ಹಾಕ್ಕೊಂಡು ದೂರು ಕೊಟ್ಟು ಬಂದ್ರು. ಮೊಬೈಲು ಬ್ಲಾಕ್ ಆಯ್ತು. ದುಡ್ಡು ಮಾತ್ರ ಅಷ್ಟೊತ್ತಿಗೆ ಎರಡು ಖಾತೆ ದಾಟಿತ್ತು, ಇನ್ನೂ ಬಂದಿಲ್ಲ. "ಕುರ್ಚಿ ಕೊಟ್ಟು ಕೂಡಸಿದ್ರಪಾ, ನಾ ಸುಮ್ಮನ ಅಂಜಿದ್ನಿ" ಅಂದ್ರು.

ಈ ವಾರ ಊರಿಗೆ ಹೋದ್ರೆ ಅಥವಾ ವಿಡಿಯೋ ಕಾಲ್ ಮಾಡಿದ್ರೆ ಒಂದು ಕೆಲಸ ಮಾಡಿ. ಅಪ್ಪ-ಅಮ್ಮನ ಮೊಬೈಲಿನಲ್ಲಿ *#06# ಒತ್ತಿಸಿ, ಬರುವ 15 ಅಂಕಿಯ ಐಎಂಇಐ ನಂಬರು ನಿಮ್ಮ ಹತ್ತಿರ ಬರೆದಿಟ್ಕೊಳ್ಳಿ. ಅವರ ಮನೆ ಕ್ಯಾಲೆಂಡರ್ ಮೇಲೆ 112 ಮತ್ತು 1930 ದೊಡ್ಡದಾಗಿ ಬರೆಸಿ. ಹಾಗೇ ಮೊಬೈಲ್ ಕವರ್ ತೆಗೆದು ನೋಡೋಕೆ ಹೇಳಿ, ಒಳಗೆ ಚೀಟಿ ಏನಾದ್ರೂ ಇದೆಯಾ ಅಂತ.